ಸವೆದುಹೋದ ಚಿಪ್, ಕಪ್ಪಾದ ಪರದೆ: ಟೆಸ್ಲಾ ಮಾಡೆಲ್ ಎಸ್ ಕಾರಿನ ಒಂದು ಪ್ರಕರಣ ಅಧ್ಯಯನ

2012ರ ಜೂನ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರ್ಖಾನೆಯಿಂದ ಟೆಸ್ಲಾ ಕಂಪನಿಯ ಮಾಡೆಲ್ ಎಸ್ ಕಾರುಗಳು ಗ್ರಾಹಕರ ಕೈಸೇರತೊಡಗಿದಾಗ, ಒಳಗೆ ಕುಳಿತವರ ಕಣ್ಣು ಮೊದಲು ಹೋಗುತ್ತಿದ್ದುದು ಡ್ಯಾಶ್‌ಬೋರ್ಡಿನ ನಡುವಿನ 17 ಅಂಗುಲದ ಟಚ್‌ಸ್ಕ್ರೀನ್‌ನತ್ತ. ಎ.ಸಿ., ಹಾಡು, ನಕ್ಷೆ, ಹಿಂಬದಿಯ ಕ್ಯಾಮೆರಾ, ಚಾರ್ಜಿಂಗ್ ಮಿತಿ, ಗಾಜಿಗೆ ಹಿಡಿದ ಮಂಜನ್ನು ತೆಗೆಯುವ ಗಾಳಿ ಹೀಗೆ ಬೇರೆ ಕಾರುಗಳಲ್ಲಿ ಹತ್ತಾರು ಗುಂಡಿಗಳಿಗೆ ಹಂಚಿಹೋಗಿದ್ದ ಕೆಲಸಗಳೆಲ್ಲ ಆ ಒಂದೇ ಪರದೆಯೊಳಗೆ ಸೇರಿಕೊಂಡಿದ್ದವು. ಈ ಅಧ್ಯಯನದ ವಿಷಯ ಆ ಪರದೆಯಲ್ಲ, ಅದರ ಹಿಂದೆ ಕಣ್ಣಿಗೆ ಬೀಳದಂತೆ ಕೂತಿದ್ದ 8 ಗಿಗಾಬೈಟ್‌ನ ಒಂದು ಮೆಮೊರಿ ಚಿಪ್. ಮಾಲೀಕರು ವರ್ಷಗಟ್ಟಲೆ ಸಾಫ್ಟ್‌ವೇರ್‌ನ ಸಣ್ಣಪುಟ್ಟ ಕಿರಿಕಿರಿಯೆಂದು ಸಹಿಸಿಕೊಂಡು ಬಂದದ್ದು, 2021ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ 1,34,951 ಕಾರುಗಳ ರಿಕಾಲ್ ಆಗಿ, ಅಂದರೆ ದೋಷ ಸರಿಪಡಿಸಲು ಕಂಪನಿ ಕಾರುಗಳನ್ನು ಹಿಂದಕ್ಕೆ ಕರೆಸುವ ಕ್ರಮವಾಗಿ, ಪರಿಣಮಿಸಿತು. ಅಷ್ಟು ಕಾಲ ಅದು ಚಿಕ್ಕ ತೊಡಕೆಂದೇ ಎಣಿಕೆಯಾದದ್ದು ಹೇಗೆ ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ.

ರೋಗಲಕ್ಷಣಗಳು ಸದ್ದಿಲ್ಲದೆ ಶುರುವಾಗುತ್ತಿದ್ದವು. ಹೊಸದಿದ್ದಾಗ ಬೆರಳು ಮುಟ್ಟಿದೊಡನೆ ತೆರೆಯುತ್ತಿದ್ದ ನಕ್ಷೆ ಮೂರು ನಾಲ್ಕು ವರ್ಷಗಳ ಬಳಿಕ ತಡವರಿಸತೊಡಗುತ್ತಿತ್ತು; ಪರದೆಯೊಳಗಿನ ಬ್ರೌಸರ್ ತೆರೆಯುತ್ತಲೇ ಇರಲಿಲ್ಲ; ಹಾಡು ಅರ್ಧಕ್ಕೆ ನಿಲ್ಲುತ್ತಿತ್ತು; ಹಿಂದಕ್ಕೆ ಗೇರು ಹಾಕಿದ ಮೇಲೆ ಕ್ಯಾಮೆರಾದ ಚಿತ್ರ ಬರುವಷ್ಟರಲ್ಲಿ ಕಾರು ಅರ್ಧ ಹಿಂದೆ ಸರಿದಿರುತ್ತಿತ್ತು. ಇದಕ್ಕೆಲ್ಲ ಮಾಲೀಕರ ನಡುವೆ ಪ್ರಚಲಿತವಿದ್ದ ಮದ್ದು ಒಂದೇ. ಸ್ಟೀರಿಂಗ್ ಚಕ್ರದ ಮೇಲಿರುವ ಎರಡು ಉರುಳು ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದರೆ ಪರದೆ ಕಪ್ಪಾಗಿ, ಸ್ವಲ್ಪ ಹೊತ್ತಿನಲ್ಲಿ ಕಂಪನಿಯ ಚಿಹ್ನೆ ಮೂಡಿ, ಎಲ್ಲವೂ ಮತ್ತೆ ಸರಿಹೋದಂತೆ ಕಾಣುತ್ತಿತ್ತು. ವೇಗವನ್ನು ತೋರಿಸುವ ಫಲಕಕ್ಕೆ ಬೇರೆಯೇ ಕಂಪ್ಯೂಟರ್ ಇದ್ದುದರಿಂದ, ಮೋಟಾರು ಮತ್ತು ಬ್ಯಾಟರಿಯ ನಿಯಂತ್ರಣ ಇನ್ನೂ ಬೇರೆ ಘಟಕಗಳ ಕೈಯಲ್ಲಿದ್ದುದರಿಂದ, ಈ ರೀಬೂಟನ್ನು ಕಾರು ಓಡುತ್ತಿರುವಾಗಲೂ ಮಾಡಬಹುದಾಗಿತ್ತು. ಪರದೆ ಸತ್ತರೂ ಕಾರು ಓಡುತ್ತದೆ ಎಂಬ ಈ ವಿನ್ಯಾಸ ಎಂಜಿನಿಯರಿಂಗ್ ದೃಷ್ಟಿಯಿಂದ ಮೆಚ್ಚತಕ್ಕದ್ದೇ ಆದರೂ, ತೊಡಕನ್ನು ಬಹುಕಾಲ ಯಾರೂ ಗಂಭೀರವಾಗಿ ಎಣಿಸದಿರುವುದಕ್ಕೂ ಅದೇ ಕಾರಣವಾಯಿತು. ಮನೆಯಿಂದ ಕಚೇರಿಗೆ ತಲುಪಿಸುವ ಕಾರಿನ ಬಗ್ಗೆ ದೂರು ಕೊಡಲು ಯಾರಿಗೂ ಅಷ್ಟೊಂದು ಆತುರವಿರುವುದಿಲ್ಲ.

ಫ್ರೀಮಾಂಟ್ ಮತ್ತು ಅದರ ಸುತ್ತಲಿನ ಬೇ ಏರಿಯಾ ಪ್ರದೇಶದಲ್ಲಿ ನೆಲೆಸಿರುವ ಕನ್ನಡಿಗರ ಸಂಖ್ಯೆ ಕಡಿಮೆಯದಲ್ಲ, ಅವರಲ್ಲಿ ಸಾಫ್ಟ್‌ವೇರ್ ಉದ್ಯೋಗದವರೇ ಹೆಚ್ಚು. ಕಂಪ್ಯೂಟರ್ ತಡವರಿಸಿದರೆ ಆರಿಸಿ ಹಾಕುವುದು ಅಂಥವರಿಗೆ ಕೈಗೆ ಬಂದ ಅಭ್ಯಾಸ. ಆದರೆ ಈ ಪ್ರಕರಣದಲ್ಲಿ ಆ ಅಭ್ಯಾಸವೇ ದಾರಿ ತಪ್ಪಿಸಿತು ಎಂದು ನನಗನ್ನಿಸುತ್ತದೆ. ರೀಬೂಟಿಗೆ ಗುಣವಾಗುವ ತೊಡಕು ಸಾಫ್ಟ್‌ವೇರ್‌ನದೇ ಇರಬೇಕೆಂಬ ತೀರ್ಮಾನಕ್ಕೆ ನಾವು ಬಹಳ ಬೇಗ ಬಂದುಬಿಡುತ್ತೇವೆ.

ಒಳಗೆ ನಡೆಯುತ್ತಿದ್ದದ್ದು

ಪರದೆಯ ಹಿಂದಿನ ಕಂಪ್ಯೂಟರ್‌ನಲ್ಲಿ ಎನ್‌ವಿಡಿಯಾ ಕಂಪನಿಯ ಟೆಗ್ರಾ 3 ಪ್ರೊಸೆಸರ್ ಇತ್ತು. ಅದರ ಕಾರ್ಯಾಚರಣಾ ವ್ಯವಸ್ಥೆ ಲಿನಕ್ಸ್ ಮೂಲದ್ದು. ಕಾರ್ಯಾಚರಣಾ ವ್ಯವಸ್ಥೆ, ಬಳಕೆದಾರರ ಆಯ್ಕೆಗಳು, ಕಂಪನಿಯ ಸರ್ವರ್‌ನೊಂದಿಗೆ ಗುರುತು ದೃಢಪಡಿಸುವ ಗುಪ್ತ ಕೀಲಿಗಳು, ಇವೆಲ್ಲ ಇದ್ದದ್ದು ಇಎಂಎಂಸಿ ಎಂದು ಕರೆಯಲಾಗುವ ಬಗೆಯ 8 ಗಿಗಾಬೈಟ್ ಫ್ಲ್ಯಾಶ್ ಚಿಪ್‌ನಲ್ಲಿ. ಇದರ ಜೊತೆಗೆ ಕಾರು ತನ್ನ ದಿನಚರಿಯನ್ನೂ ಅದೇ ಚಿಪ್‌ನಲ್ಲಿ ಬರೆದಿಡುತ್ತಿತ್ತು. ಯಾವ ಪ್ರೋಗ್ರಾಂ ಎಷ್ಟು ಹೊತ್ತಿಗೆ ಏನು ಮಾಡಿತು, ಯಾವ ಸಂದೇಶ ಬಂತು, ಯಾವುದು ವಿಫಲವಾಯಿತು ಎಂಬ ಈ ಲಾಗ್‌ಗಳು ದೋಷ ಹುಡುಕುವ ಎಂಜಿನಿಯರ್‌ಗೆ ಬಹಳ ಬೇಕಾದವು. ಸರ್ವರ್ ಕಂಪ್ಯೂಟರ್‌ಗಳಲ್ಲಿ ಅವುಗಳನ್ನು ಬರೆಯುತ್ತಲೇ ಇರುವುದು ಮಾಮೂಲಿ. ಆದರೆ ಸರ್ವರ್‌ನ ಡಿಸ್ಕ್ ಕೆಟ್ಟರೆ ಕಿತ್ತು ಹೊಸದನ್ನು ಸಿಕ್ಕಿಸಬಹುದು. ಕಾರಿನ ಚಿಪ್ ಸರ್ಕ್ಯೂಟ್ ಬೋರ್ಡಿಗೆ ಬೆಸುಗೆಯಾಗಿ ಕೂತಿತ್ತು.

ಫ್ಲ್ಯಾಶ್ ಮೆಮೊರಿಯ ಗುಣವೊಂದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಪ್ರಕರಣದ ತಿರುಳು ಅದರಲ್ಲೇ ಇದೆ. ಈ ಚಿಪ್‌ಗಳಲ್ಲಿ ಮಾಹಿತಿಯನ್ನು ಸಣ್ಣ ಪುಟಗಳಲ್ಲಿ ಬರೆಯಬಹುದು, ಆದರೆ ಅಳಿಸುವುದೇನಿದ್ದರೂ ದೊಡ್ಡ ಬ್ಲಾಕುಗಳ ಲೆಕ್ಕದಲ್ಲಿ. ಒಂದಕ್ಷರ ತಿದ್ದಲು ಇಡೀ ಸ್ಲೇಟನ್ನೇ ಒರೆಸಿ ಎಲ್ಲವನ್ನೂ ಮತ್ತೆ ಬರೆದ ಹಾಗೆ. ಬರೆದು ಅಳಿಸುವ ಪ್ರತಿ ಸುತ್ತಿನಲ್ಲೂ ಎಲೆಕ್ಟ್ರಾನುಗಳು ತೆಳುವಾದ ಆಕ್ಸೈಡ್ ಪದರವನ್ನು ದಾಟಿ ಹೋಗಬೇಕಾಗುತ್ತದೆ, ಆ ಪದರ ಪ್ರತಿಸಲವೂ ಒಂದಿಷ್ಟು ಹಾಳಾಗುತ್ತದೆ. ಈ ಪ್ರಕರಣದ ಚಿಪ್‌ಗೆ ಅಂಥ ಸುಮಾರು 3,000 ಸುತ್ತುಗಳ ಆಯುಷ್ಯವಿತ್ತು. ಸವೆತವೆಲ್ಲ ಒಂದೇ ಜಾಗಕ್ಕೆ ಬೀಳದಿರಲೆಂದು ಚಿಪ್ಪಿನೊಳಗಿನ ನಿಯಂತ್ರಕ ಬರವಣಿಗೆಯನ್ನು ಎಲ್ಲ ಬ್ಲಾಕುಗಳಿಗೂ ಹಂಚುತ್ತದೆ. ತನಿಖೆಯ ವೇಳೆ ಟೆಸ್ಲಾ ಒದಗಿಸಿದ ಲೆಕ್ಕದ ಪ್ರಕಾರ ಸಾಮಾನ್ಯ ಬಳಕೆಯಲ್ಲಿ ಪ್ರತಿ ಬ್ಲಾಕಿಗೂ ದಿನಕ್ಕೆ 1.4 ಸುತ್ತು ಬೀಳುತ್ತಿತ್ತು. ಅಂದರೆ ವರ್ಷಕ್ಕೆ ಸುಮಾರು 511 ಸುತ್ತು, ಆರು ವರ್ಷ ತುಂಬುವ ಮೊದಲೇ 3,000. ಇನ್ನೊಂದು ರೀತಿಯಲ್ಲಿ ನೋಡಿದರೆ 8 ಗಿಗಾಬೈಟ್‌ನ ಚಿಪ್‌ಗೆ ದಿನಕ್ಕೆ 11 ಗಿಗಾಬೈಟ್‌ಗಿಂತ ಹೆಚ್ಚಿನ ಬರವಣಿಗೆ ಬೀಳುತ್ತಿತ್ತು. ಮಾಲೀಕರು ಕೇಳಿದ ಹಾಡಾಗಲಿ ನೋಡಿದ ನಕ್ಷೆಯಾಗಲಿ ಇದಕ್ಕೆ ಪೂರ್ತಿ ಹೊಣೆಯಲ್ಲ. ಕಾರು ತನ್ನ ಬಗ್ಗೆ ತಾನೇ ಬರೆದುಕೊಳ್ಳುತ್ತಿದ್ದುದರ ಪಾಲು ದೊಡ್ಡದಿತ್ತು.

ಹಂಚಿಕೆಯ ಉಪಾಯ ಫಲಿಸಬೇಕಾದರೆ ಚಿಪ್‌ನಲ್ಲಿ ಖಾಲಿ ಜಾಗವಿರಬೇಕು. ವರ್ಷಗಳು ಕಳೆದಂತೆ ಇಂಟರ್ನೆಟ್ ಮೂಲಕ ಬರುತ್ತಿದ್ದ ಹೊಸ ಸಾಫ್ಟ್‌ವೇರ್ ಆವೃತ್ತಿಗಳ ಗಾತ್ರ ಬೆಳೆಯಿತು, ಖಾಲಿ ಜಾಗ ಕುಗ್ಗಿತು. ಬ್ಲಾಕುಗಳು ಒಂದೊಂದಾಗಿ ಕೆಡತೊಡಗಿದಾಗ ನಿಯಂತ್ರಕ ಅವುಗಳನ್ನು ಬದಿಗಿಟ್ಟು ಮೀಸಲು ಬ್ಲಾಕುಗಳನ್ನು ಬಳಸುತ್ತದೆ; ಓದುವಾಗ ಬರುವ ತಪ್ಪುಗಳನ್ನು ತಿದ್ದಲು ಮತ್ತೆ ಮತ್ತೆ ಓದುತ್ತದೆ. ಹೊರಗೆ ಕುಳಿತವರಿಗೆ ಇದು ಕಾಣುವುದು ನಿಧಾನವಾದ ಪರದೆಯ ರೂಪದಲ್ಲಿ. ರೀಬೂಟ್ ಮಾಡಿದಾಗ ಪ್ರೋಗ್ರಾಂಗಳು ಹೊಸದಾಗಿ ಆರಂಭವಾಗಿ ಕೆಲಕಾಲ ಹಗುರವಾಗಿ ಓಡುತ್ತವೆಯೇ ಹೊರತು ಸವೆದ ಪದರ ಮರಳಿ ಬೆಳೆಯುವುದಿಲ್ಲ. ಕಿರಿಕಿರಿ ಹೋಗಲೆಂದು ಕಾದು ಹಾಕಿಸಿಕೊಳ್ಳುತ್ತಿದ್ದ ಪ್ರತಿ ಅಪ್‌ಡೇಟ್ ಕೂಡ ಅದೇ ಚಿಪ್‌ನ ಮೇಲೆ ಇನ್ನೊಂದು ಬರವಣಿಗೆಯಾಗಿತ್ತು.

ಸಾಫ್ಟ್‌ವೇರ್ ದೋಷವನ್ನೂ ಸವೆತವನ್ನೂ ಹೊರಗಿನಿಂದಲೇ ಬೇರ್ಪಡಿಸುವ ಒಂದು ದಾರಿಯಿತ್ತು ಎಂಬುದು ಈ ಪ್ರಕರಣವನ್ನು ಓದುತ್ತ ಹೋದಂತೆ ನನಗೆ ಸ್ಪಷ್ಟವಾಯಿತು. ದೋಷ ಆವೃತ್ತಿಗೆ ಅಂಟಿಕೊಂಡಿರುತ್ತದೆ: ಒಂದೇ ಆವೃತ್ತಿಯ ಸಾಫ್ಟ್‌ವೇರ್ ಇರುವ ಹೊಸ ಕಾರಿನಲ್ಲೂ ಹಳೆಯ ಕಾರಿನಲ್ಲೂ ಅದು ಒಂದೇ ತೆರನಾಗಿ ಕಾಣಿಸಿಕೊಳ್ಳಬೇಕು, ಆವೃತ್ತಿ ಬದಲಾದಾಗ ಹೋಗಬೇಕು ಇಲ್ಲವೇ ರೂಪ ಬದಲಿಸಬೇಕು. ಸವೆತ ವಯಸ್ಸಿಗೆ ಅಂಟಿಕೊಂಡಿರುತ್ತದೆ: ಅದೇ ಆವೃತ್ತಿ ಹೊಸ ಕಾರಿನಲ್ಲಿ ಸಲೀಸಾಗಿ ಓಡುತ್ತದೆ, ಹಳೆಯದರಲ್ಲಿ ಮುಗ್ಗರಿಸುತ್ತದೆ, ಒಂದು ರೀಬೂಟಿನಿಂದ ಇನ್ನೊಂದಕ್ಕೆ ಇರುವ ಬಿಡುವು ತಿಂಗಳಿಂದ ವಾರಕ್ಕೆ, ವಾರದಿಂದ ದಿನಕ್ಕೆ ಇಳಿಯುತ್ತ ಬರುತ್ತದೆ. ಒಬ್ಬೊಬ್ಬ ಮಾಲೀಕರಿಗೆ ತಮ್ಮ ಕಾರು ಮಾತ್ರ ಕಾಣುವುದರಿಂದ ಈ ಹೋಲಿಕೆ ಅವರಿಂದ ಸಾಧ್ಯವಾಗಲಿಲ್ಲ. ಸಾಧ್ಯವಿದ್ದದ್ದು ಎಲ್ಲ ಕಾರುಗಳ ಮಾಹಿತಿಯೂ ಬಂದು ಸೇರುತ್ತಿದ್ದ ಕಂಪನಿಗೆ. ಅದಾದ ಮೇಲೆ, ಕೆಟ್ಟ ಬೋರ್ಡುಗಳನ್ನು ಬಿಚ್ಚಿ ನೋಡುತ್ತಿದ್ದ ಸ್ವತಂತ್ರ ದುರಸ್ತಿಗಾರರಿಗೆ. ಅತಿಯಾದ ಲಾಗ್ ಬರವಣಿಗೆಯಿಂದ ಚಿಪ್‌ಗಳು ಸಾಯುತ್ತಿವೆ ಎಂದು 2019ರ ಹೊತ್ತಿಗೆ ಬಹಿರಂಗವಾಗಿ ಹೇಳತೊಡಗಿದವರು ಅವರೇ. ಅವರ ಇನ್ನೊಂದು ಎಚ್ಚರಿಕೆಯೂ ತೂಕದ್ದು. ಚಿಪ್ ಪೂರ್ತಿ ಸಾಯುವ ಮುನ್ನ ಅದರೊಳಗಿನ ಗುಪ್ತ ಕೀಲಿಗಳನ್ನು ನಕಲು ಮಾಡಿಕೊಂಡರೆ ಹೊಸ ಚಿಪ್ ಕೂರಿಸುವುದು ಸುಲಭ. ಸತ್ತ ಮೇಲೆ ಬಂದರೆ ಕಾರು ತನ್ನ ಗುರುತನ್ನೇ ಕಳೆದುಕೊಂಡಿರುತ್ತದೆ. ಸಹಿಸಿಕೊಂಡು ಮುಂದುವರಿಯುವುದಕ್ಕೆ ಇಲ್ಲಿ ಹೀಗೆ ಬೆಲೆಯಿತ್ತು.

ವಾರಂಟಿ ಮತ್ತು ತನಿಖೆ

ಹಣದ ವಿಚಾರಕ್ಕೆ ಬಂದರೆ, ಟೆಸ್ಲಾದ ಬ್ಯಾಟರಿ ಮತ್ತು ಮೋಟಾರಿನ ವಾರಂಟಿ ಎಂಟು ವರ್ಷಗಳದ್ದಾದರೆ ಉಳಿದ ಭಾಗಗಳ ಮೂಲ ವಾರಂಟಿ ನಾಲ್ಕು ವರ್ಷ ಅಥವಾ 50,000 ಮೈಲಿ. ಸರಾಸರಿ ಐದಾರು ವರ್ಷ ಬಾಳುವ ಚಿಪ್ ಕೆಡುವುದು ಹಲವು ಕಾರುಗಳಲ್ಲಿ ಸಹಜವಾಗಿಯೇ ಆ ನಾಲ್ಕು ವರ್ಷಗಳ ಆಚೆ ಬೀಳುತ್ತಿತ್ತು. ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತ 2020ರ ಜೂನ್‌ನಲ್ಲಿ ಪ್ರಾಥಮಿಕ ವಿಚಾರಣೆ ತೆರೆದಾಗ ಅದರ ಕೈಯಲ್ಲಿದ್ದದ್ದು ಕೇವಲ 11 ದೂರುಗಳು. ಅದೇ ವರ್ಷದ ನವೆಂಬರ್‌ನಲ್ಲಿ ವಿಚಾರಣೆಯನ್ನು ಎಂಜಿನಿಯರಿಂಗ್ ವಿಶ್ಲೇಷಣೆಯ ಹಂತಕ್ಕೆ ಏರಿಸುವಷ್ಟರಲ್ಲಿ ಕಂಪನಿಯ ದಾಖಲೆಗಳೇ ಬೇರೆ ಕಥೆ ಹೇಳಿದ್ದವು: ವಾರಂಟಿಯೊಳಗೆ 7,777 ಮತ್ತು ವಾರಂಟಿಯ ಹೊರಗೆ 4,746, ಒಟ್ಟು 12,523 ಬದಲಾವಣೆಯ ಕ್ಲೇಮುಗಳು. ಕೆಲವು ತಿಂಗಳುಗಳಲ್ಲಿ ತಯಾರಾದ ಕಾರುಗಳಲ್ಲಿ ಕೆಟ್ಟವುಗಳ ಪ್ರಮಾಣ ಶೇ. 30ನ್ನು ದಾಟಿತ್ತು. ಹನ್ನೊಂದಕ್ಕೂ ಹನ್ನೆರಡೂವರೆ ಸಾವಿರಕ್ಕೂ ನಡುವಿನ ಈ ಅಂತರವನ್ನು ಸುಮ್ಮನೆ ದಾಟಿ ಹೋಗಲಾಗದು. ಜನ ಸರ್ವಿಸ್ ಕೇಂದ್ರಕ್ಕೆ ಹೋಗಿದ್ದರು, ಬಹಳಷ್ಟು ಮಂದಿ ಕೈಯಿಂದ ದುಡ್ಡನ್ನೂ ಕೊಟ್ಟಿದ್ದರು. ಆದರೆ ಇದು ಸರ್ಕಾರಕ್ಕೆ ತಿಳಿಸಬೇಕಾದ ಸುರಕ್ಷತೆಯ ಮಾತೆಂದು ಅವರಿಗೆ ತೋರಿರಲಿಲ್ಲ.

ಅದು ಸುರಕ್ಷತೆಯ ಮಾತು ಹೌದೇ ಎಂಬುದೇ ತನಿಖೆಯ ಕೇಂದ್ರ ಪ್ರಶ್ನೆಯಾಗಿತ್ತು. ಹಾಡು ನಿಂತರೆ ಅಪಾಯವಿಲ್ಲ. ಆದರೆ ಪರದೆ ಸತ್ತಾಗ ಅದರ ಜೊತೆಗೆ ಹಿಂಬದಿಯ ಕ್ಯಾಮೆರಾ, ಗಾಜಿನ ಮಂಜು ತೆಗೆಯುವ ನಿಯಂತ್ರಣ, ಇಂಡಿಕೇಟರ್ ಮತ್ತು ಚಾಲಕ ನೆರವಿನ ವ್ಯವಸ್ಥೆಯ ಎಚ್ಚರಿಕೆಯ ಸದ್ದುಗಳೂ ಹೋಗುತ್ತಿದ್ದವು. ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿಯುವಾಗ ಒಳಗಿನ ಗಾಜು ನಿಮಿಷದೊಳಗೆ ಬೆಳ್ಳಗಾಗುವುದನ್ನು ಕಂಡವರಿಗೆ, ಮಂಜು ತೆಗೆಯುವ ಗಾಳಿಗೆ ಬೇರೊಂದು ಗುಂಡಿಯಿಲ್ಲದಿರುವುದು ಸಣ್ಣ ಕೊರತೆಯೆಂದು ಅನ್ನಿಸಲಾರದು. ಒಂದೇ ಚಿಪ್‌ನ ಮೇಲೆ ಹಾಡೂ ಕ್ಯಾಮೆರಾವೂ ಒಟ್ಟಿಗೆ ಕೂತಿದ್ದರಿಂದ ಹಾಡು ತಡವರಿಸಿದ್ದು ಕ್ಯಾಮೆರಾದ ಮುನ್ಸೂಚನೆಯಾಗಿತ್ತು, ಆದರೆ ಹಾಗೆಂದು ಮಾಲೀಕರಿಗೆ ಹೇಳುವವರು ಯಾರೂ ಇರಲಿಲ್ಲ.

ಟೆಸ್ಲಾ ಸುಮ್ಮನೆ ಕೂತಿರಲಿಲ್ಲ. ಲಾಗ್ ಬರವಣಿಗೆಯನ್ನು ತಗ್ಗಿಸುವ ಅಪ್‌ಡೇಟ್‌ಗಳು ಬಂದವು. ಪರದೆ ಸತ್ತರೂ ಎ.ಸಿ. ಮುಂತಾದ ಕೆಲವು ಸೌಲಭ್ಯಗಳು ಪೂರ್ವನಿಗದಿತ ಸ್ಥಿತಿಯಲ್ಲಿ ಕೆಲಸ ಮಾಡುವಂತೆ ಸಾಫ್ಟ್‌ವೇರ್ ಬದಲಾಯಿತು. 2020ರ ನವೆಂಬರ್‌ನಲ್ಲಿ ಈ ಚಿಪ್‌ಗೆ ಸಂಬಂಧಿಸಿದ ವಾರಂಟಿಯನ್ನು ಎಂಟು ವರ್ಷ ಅಥವಾ 1,00,000 ಮೈಲಿಗೆ ವಿಸ್ತರಿಸಲಾಯಿತು. 2021ರ ಜನವರಿ 13ರಂದು ಬರೆದ ಪತ್ರದಲ್ಲಿ ಸುರಕ್ಷತಾ ಆಡಳಿತವು ಈ ಕ್ರಮಗಳು ಸಾಲವು ಎಂದು ಹೇಳಿ ಸುಮಾರು 1,58,000 ಕಾರುಗಳನ್ನು ಹಿಂದಕ್ಕೆ ಕರೆಸುವಂತೆ ಕೇಳಿತು. ಸಾಫ್ಟ್‌ವೇರ್‌ನಿಂದ ಸವೆತದ ವೇಗವನ್ನು ತಗ್ಗಿಸಬಹುದೇ ಹೊರತು ಆಗಲೇ ಸವೆದದ್ದನ್ನು ಸರಿಪಡಿಸಲಾಗದು. ಸತ್ತ ಪರದೆಯಲ್ಲಿ ಕ್ಯಾಮೆರಾದ ಚಿತ್ರವನ್ನಂತೂ ಯಾವ ಅಪ್‌ಡೇಟ್ ಕೂಡ ತೋರಿಸಲಾರದು. ಕಾಲಕ್ರಮದಲ್ಲಿ ಈ ಚಿಪ್‌ಗಳೆಲ್ಲ ಕೆಡುವವೇ ಎಂಬುದನ್ನು ಕಂಪನಿಯ ಸ್ವಂತ ಅಂದಾಜೂ ಅಲ್ಲಗಳೆದಿರಲಿಲ್ಲ. (ಆ ಪತ್ರ ಹೊರಟ ವಾರದ ಆಸುಪಾಸಿನಲ್ಲೇ ಟೆಸ್ಲಾದ ಭಾರತೀಯ ಅಂಗಸಂಸ್ಥೆ ಬೆಂಗಳೂರಿನಲ್ಲಿ ನೋಂದಣಿಯಾಗಿ ಇಲ್ಲಿನ ಪತ್ರಿಕೆಗಳ ಮುಖಪುಟಕ್ಕೆ ಬಂದಿತ್ತು. ಕಾರು ಭಾರತಕ್ಕೆ ಬರಲು 2025ರ ಜುಲೈವರೆಗೆ ಕಾಯಬೇಕಾಯಿತು, ಮಳಿಗೆ ತೆರೆದದ್ದೂ ಮುಂಬೈಯಲ್ಲಿ.)

ಕಂಪನಿ ರಿಕಾಲ್‌ಗೆ ಒಪ್ಪಿತಾದರೂ ದೋಷವೆಂಬುದನ್ನು ಮನಸಾರೆ ಒಪ್ಪಲಿಲ್ಲ. ಅದರ ವಾದದ ಸಾರ ಇಷ್ಟು: ಇಂಥ ಚಿಪ್ ಬಳಕೆಯಿಂದ ಸವೆಯುವ ವಸ್ತು, ಅದರ ಸರಾಸರಿ ಆಯುಷ್ಯವೇ ಐದಾರು ವರ್ಷ, ಕಾರಿನ ಇಡೀ ಬಾಳಿಕೆಯಷ್ಟು ಕಾಲ ಅದು ಉಳಿಯಬೇಕೆಂದು ನಿರೀಕ್ಷಿಸುವುದು ಆರ್ಥಿಕವಾಗಿ ಸಾಧುವಲ್ಲ. ಈ ವಾದವನ್ನು ಸಾರಾಸಗಟಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಟೈರು ಸವೆಯುತ್ತದೆ, ಬ್ರೇಕ್ ಪ್ಯಾಡ್ ಸವೆಯುತ್ತದೆ, ಅವುಗಳಿಗಾಗಿ ಯಾರೂ ರಿಕಾಲ್ ಕೇಳುವುದಿಲ್ಲ. ಆದರೆ ಟೈರಿನ ಸವೆತ ಕಣ್ಣಿಗೆ ಕಾಣುತ್ತದೆ, ಕೊಳ್ಳುವಾಗಲೇ ತಿಳಿದಿರುತ್ತದೆ, ಯಾವ ಅಂಗಡಿಯಲ್ಲಾದರೂ ಬದಲಾಯಿಸಬಹುದು, ಮತ್ತು ಅದು ಎಷ್ಟು ಬೇಗ ಸವೆಯಬೇಕೆಂಬುದು ಒಂದು ಮಟ್ಟಿಗೆ ಓಡಿಸುವವರ ಕೈಯಲ್ಲಿದೆ. ಈ ಚಿಪ್‌ನ ವಿಷಯದಲ್ಲಿ ಇದರಲ್ಲಿ ಒಂದೂ ನಿಜವಲ್ಲ. ಸವೆತದ ವೇಗವನ್ನು ನಿರ್ಧರಿಸಿದ್ದು ಲಾಗ್ ಎಷ್ಟು ಬರೆಯಬೇಕೆಂದು ತೀರ್ಮಾನಿಸಿದ ಕಂಪನಿಯ ಎಂಜಿನಿಯರ್‌ಗಳು. ಸವೆಯುವ ವಸ್ತು ಎಂದು ಕರೆದ ಮೇಲೆ ಅದರ ಉಳಿದ ಆಯುಷ್ಯವನ್ನು ತೋರಿಸುವ ಒಂದು ಸಾಲನ್ನಾದರೂ ಅದೇ 17 ಅಂಗುಲದ ಪರದೆಯ ಮೇಲೆ ಕೊಡಬಹುದಿತ್ತು.

ರಿಕಾಲ್ 2012ರಿಂದ 2018ರ ಆರಂಭದವರೆಗೆ ತಯಾರಾದ ಮಾಡೆಲ್ ಎಸ್ ಮತ್ತು ಅದೇ ಕಂಪನಿಯ 2016ರಿಂದ 2018ರ ಆರಂಭದವರೆಗಿನ ಮಾಡೆಲ್ ಎಕ್ಸ್ ಕಾರುಗಳಿಗೆ ಅನ್ವಯಿಸಿತು. ಚಿಪ್ ಕೂತಿದ್ದ ಚಿಕ್ಕ ಬೋರ್ಡನ್ನು ತೆಗೆದು 64 ಗಿಗಾಬೈಟ್ ಚಿಪ್ ಇರುವ ಹೊಸ ಬೋರ್ಡನ್ನು ಉಚಿತವಾಗಿ ಹಾಕಿಕೊಡಲಾಯಿತು; ಮೊದಲೇ ದುಡ್ಡು ಕೊಟ್ಟು ಬದಲಾಯಿಸಿಕೊಂಡವರಿಗೆ ಅದನ್ನು ಮರಳಿಸುವ ಏರ್ಪಾಡಾಯಿತು. ಅದೇ ಪ್ರಮಾಣದ ಬರವಣಿಗೆ ಈಗ ಎಂಟು ಪಟ್ಟು ಹೆಚ್ಚು ಜಾಗಕ್ಕೆ ಹರಡುವುದರಿಂದ ಆಯುಷ್ಯವೂ ಸರಿಸುಮಾರು ಅದೇ ಪಟ್ಟಿನಲ್ಲಿ ಹಿಗ್ಗುತ್ತದೆ. ಈ ದೋಷದಿಂದ ಅಪಘಾತವಾದದ್ದಾಗಲಿ ಯಾರಿಗಾದರೂ ಪೆಟ್ಟಾದದ್ದಾಗಲಿ ತನಗೆ ತಿಳಿದಿಲ್ಲವೆಂದು ಕಂಪನಿ ವರದಿ ಮಾಡಿತು.

ಒಂದು ವರ್ಷದ ನಂತರದ ಇನ್ನೊಂದು ರಿಕಾಲ್ ಅನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. 2022ರ ಮೇ ತಿಂಗಳಲ್ಲಿ ಟೆಸ್ಲಾ ಸುಮಾರು 1,30,000 ಹೊಸ ಕಾರುಗಳನ್ನು, ಅಂದರೆ ಹೆಚ್ಚುಕಡಿಮೆ ಹಿಂದಿನಷ್ಟನ್ನೇ, ರಿಕಾಲ್ ಪಟ್ಟಿಗೆ ಸೇರಿಸಿತು. ಲಕ್ಷಣವೂ ಅದೇ: ಪರದೆ ತಡವರಿಸುವುದು, ಇಲ್ಲವೇ ಕಪ್ಪಾಗುವುದು. ಆದರೆ ಅಲ್ಲಿನ ಕಾರಣ ಬೇರೆ. ವೇಗದ ಚಾರ್ಜಿಂಗ್ ನಡೆಯುವಾಗ, ಅಥವಾ ಅದಕ್ಕಾಗಿ ಬ್ಯಾಟರಿಯನ್ನು ಸಿದ್ಧಗೊಳಿಸುವಾಗ, ಪರದೆಯ ಪ್ರೊಸೆಸರ್‌ಗೆ ಸಾಕಷ್ಟು ತಂಪು ಸಿಗದೆ ಅದು ಬಿಸಿಯೇರಿ ನಿಧಾನವಾಗುತ್ತಿತ್ತು. ತಾಪ ನಿರ್ವಹಣೆಯ ಸಾಫ್ಟ್‌ವೇರನ್ನು ತಿದ್ದಿದ ಅಪ್‌ಡೇಟ್ ಒಂದರಿಂದಲೇ ಅದು ಬಗೆಹರಿಯಿತು, ಯಾರೂ ಸರ್ವಿಸ್ ಕೇಂದ್ರಕ್ಕೆ ಹೋಗಬೇಕಾಗಲಿಲ್ಲ. ಈ ತೊಡಕು ವಯಸ್ಸಿಗಲ್ಲ, ಸಂದರ್ಭಕ್ಕೆ ಅಂಟಿಕೊಂಡಿತ್ತು ಎಂಬುದನ್ನು ಗಮನಿಸಬೇಕು. ಚಾರ್ಜರ್‌ನಿಂದ ದೂರ ಬಂದರೆ ಪರದೆ ಸರಿಯಾಗುತ್ತಿತ್ತು. ಕಾರಿನ ಪರದೆ ಕೈಕೊಟ್ಟಾಗಲೆಲ್ಲ ಅದು ಯಾವ ಸಂದರ್ಭದಲ್ಲಿ ಕೊಟ್ಟಿತು, ಕಾರಿಗೆ ಆಗ ಎಷ್ಟು ವಯಸ್ಸು, ಆವೃತ್ತಿ ಯಾವುದು ಎಂಬ ಮೂರು ಸಂಗತಿಗಳನ್ನು ಮಾಲೀಕರು ಬರೆದಿಟ್ಟುಕೊಂಡಿದ್ದರೆ, ಎರಡು ಪ್ರಕರಣಗಳನ್ನೂ ಪ್ರಯೋಗಾಲಯದ ನೆರವಿಲ್ಲದೆ ಬೇರ್ಪಡಿಸಬಹುದಾಗಿತ್ತು.

ನಮ್ಮ ದೇಶದಲ್ಲಿ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಕೇಂದ್ರ ಸರ್ಕಾರಕ್ಕೆ ರಿಕಾಲ್ ಆದೇಶಿಸುವ ಅಧಿಕಾರ ನೀಡಿದೆ; ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಅವು ಅನ್ವಯಿಸುವುದು ಏಳು ವರ್ಷದೊಳಗಿನ ವಾಹನಗಳಿಗೆ, ಅದೂ ನಿಗದಿತ ಪ್ರಮಾಣದಲ್ಲಿ ದೂರುಗಳು ದಾಖಲಾದಾಗ. ಆರನೆಯ ವರ್ಷಕ್ಕೆ ಕೆಡುವ, ಕೆಟ್ಟರೂ ಕಾರು ಓಡುತ್ತಲೇ ಇರುವ ಒಂದು ಚಿಪ್ ಈ ಎರಡು ಷರತ್ತುಗಳ ನಡುವಿನ ಕಿರಿದಾದ ಸಂದಿಯಲ್ಲಿ ಸಿಕ್ಕಿಬೀಳಲು ಜನ ಸಾಕಷ್ಟು ಬೇಗ, ಸಾಕಷ್ಟು ಸಂಖ್ಯೆಯಲ್ಲಿ ದೂರು ಕೊಡಬೇಕಾಗುತ್ತದೆ. ಅಮೆರಿಕದ ಹನ್ನೊಂದು ದೂರುಗಳ ಉದಾಹರಣೆಯನ್ನು ನೋಡಿದರೆ ಅದು ಸುಲಭವೆಂದು ನನಗೆ ಅನ್ನಿಸುವುದಿಲ್ಲ.

ಇನ್ನು ರಿಕಾಲ್‌ನ ನಂತರ ಮಾಲೀಕರ ಪಾಡೇನಾಯಿತು ಎಂಬುದು. ಬದಲಾದದ್ದು ಮೆಮೊರಿಯ ಬೋರ್ಡು ಮಾತ್ರ. ಟೆಗ್ರಾ 3 ಪ್ರೊಸೆಸರ್ ಹಾಗೆಯೇ ಉಳಿಯಿತು, ವರ್ಷದಿಂದ ವರ್ಷಕ್ಕೆ ಭಾರವಾಗುತ್ತಿದ್ದ ಸಾಫ್ಟ್‌ವೇರನ್ನು ಅದು ಹಳೆಯ ಶಕ್ತಿಯಲ್ಲೇ ಹೊರಬೇಕಾಯಿತು. ಹೊಸ ತಲೆಮಾರಿನ ಇಂಟೆಲ್ ಪ್ರೊಸೆಸರ್ ಇರುವ ಕಂಪ್ಯೂಟರ್ ಬೇಕೆನ್ನುವವರಿಗೆ ಕಂಪನಿ 2020ರ ಮಾರ್ಚ್‌ನಿಂದಲೇ 2,500 ಡಾಲರ್‌ಗೆ ಅದನ್ನು ಮಾರುತ್ತಿತ್ತು, ಅದನ್ನು ಹಾಕಿಸಿಕೊಂಡರೆ ಎಫ್‌ಎಂ ರೇಡಿಯೋ ಹೋಗುತ್ತಿತ್ತು. ಹಾಕಿಸಿಕೊಳ್ಳದವರ ಕಾರಿನಲ್ಲಿ ಕ್ಯಾಮೆರಾ ಮತ್ತು ಮಂಜು ತೆಗೆಯುವ ಗಾಳಿ ಇನ್ನು ಕೈಕೊಡಲಾರವು ಎಂಬ ಭರವಸೆ ಬಂತು, ಆದರೆ ನಕ್ಷೆ ನಿಧಾನವಾಗಿಯೇ ತೆರೆಯಿತು, ಬ್ರೌಸರ್ ಮುಗ್ಗರಿಸುತ್ತಲೇ ಇತ್ತು. ಅದರ ಬಗ್ಗೆ ಸುರಕ್ಷತಾ ಆಡಳಿತ ಏನನ್ನೂ ಹೇಳಲಿಲ್ಲ, ಹೇಳಬೇಕಾದದ್ದೂ ಇರಲಿಲ್ಲ. ಎರಡು ಉರುಳು ಗುಂಡಿಗಳನ್ನು ಒತ್ತಿ ಹಿಡಿದು ದಿನ ದೂಡಬಹುದಾದ ಕಿರಿಕಿರಿಗಳು ಅವು.